ಸಿಪಿಯು ಚಾಲೂ ಆತು, ನೆಟ್ ಬರವಲ್ದು

ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಬೆಳಗಾವಿ ಸೀಮೆಗೆ ಸಿಡಿಲನ್ನು ಹೊತ್ತುಕೊಂಡೇ ಬರುತ್ತದೆ. ಹೊತ್ತು ಇಳಿಯುವ ತನಕ ಉರಿಬಿಸಿಲು. ಆಮೇಲೆ ಒಮ್ಮೆಲೇ ಗಾಳಿ, ಗುಡುಗು, ಹೋಗಿ ಬಂದು ಮತ್ತೆ ಹೋಗುವ ಕರೆಂಟು. ಬೆಳಗಾವಿ–ಬಾಗಲಕೋಟೆ ರಸ್ತೆಯ ಮೇಲಿರುವ ನೇಸರಗಿ ಬೈಲಹೊಂಗಲ ತಾಲ್ಲೂಕಿನ ಹೋಬಳಿ ಊರು. ಇಂಥ ಊರಿನ ರಿಪೇರಿ ಅಂಗಡಿಗೆ ಸಿಡಿಲಿನ ಮರುದಿನ ದೇಶನೂರ, ಮೇಕಲಮರಡಿ, ವಣ್ಣೂರಿನಂಥ ಹಳ್ಳಿಗಳಿಂದ ಬೈಕಿನ ಹಿಂದಿನ ಸೀಟಿನಲ್ಲಿ ಕಟ್ಟಿಸಿಕೊಂಡ ಸಿಪಿಯು ಡಬ್ಬಿಗಳು ಬರುವುದು ಹೊಸದೇನಲ್ಲ.

ಬಿಚ್ಚಿ ನೋಡಿದರೆ ಬಹುಪಾಲು ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಸುಟ್ಟಿರುತ್ತದೆ. ಗ್ರಹಚಾರ ಕೆಟ್ಟಿದ್ದರೆ ಮದರ್‌ಬೋರ್ಡೇ ಹೋಗಿರುತ್ತದೆ. ಪಾರ್ಟು ಬದಲಾಗುತ್ತದೆ, ಫ್ಯಾನು ತಿರುಗುತ್ತದೆ, ಪರದೆ ಬೆಳಗುತ್ತದೆ, ದುಡ್ಡು ಕೊಟ್ಟು ಡಬ್ಬಿ ಮನೆ ಸೇರುತ್ತದೆ. ಗಂಟೆಯೊಳಗೆ ಅಂಗಡಿಗೆ ಫೋನು: “ಅಣ್ಣಾರ, ಸಿಪಿಯು ಚಾಲೂ ಆತು, ಆದ್ರ ನೆಟ್ ಬರವಲ್ದು. ಮೊಬೈಲ್‌ನ್ಯಾಗ ವೈಫೈ ಐತಿ, ಇದರಾಗ ಇಲ್ಲ ನೋಡ್ರಿ.”

ದೊಡ್ಡ ಶಹರದ ಮನೆಯಲ್ಲಿ ಇದು ಅರ್ಧ ದಿನದ ತಾಪತ್ರಯ. ಹೋಬಳಿ ಊರಿನಲ್ಲಿ ಒಂದೊಂದು ಡೆಸ್ಕ್‌ಟಾಪಿನ ಮುಂದೆ ಹತ್ತಾರು ಮನೆಯವರು ಸಾಲು ನಿಂತಿರುತ್ತಾರೆ. ಪಹಣಿ ತೆಗೆಸುವವರು, ಜಾತಿ–ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವವರು, ಬೆಳೆವಿಮೆ ತುಂಬಲು ಕೊನೆಯ ದಿನ ಹೊಲದಿಂದ ನೇರವಾಗಿ ಓಡಿಬಂದ ರೈತರು, ವಿದ್ಯಾರ್ಥಿವೇತನದ ಫಾರ್ಮು ಹಿಡಿದ ಹುಡುಗ ಹುಡುಗಿಯರು. ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಸ್ಕ್ಯಾನರು, ಪ್ರಿಂಟರು, ಥಂಬ್ ಕೊಡುವ ಯಂತ್ರ ಮಾತ್ರ ಆ ಡೆಸ್ಕ್‌ಟಾಪಿಗೇ ಜೋಡಿಸಿವೆ. ಅದು ಜಾಲದಿಂದ ಕಡಿದುಹೋಯಿತೆಂದರೆ ಅವರು ಬೈಲಹೊಂಗಲಕ್ಕೋ ಬೆಳಗಾವಿಗೋ ಬಸ್ಸು ಹತ್ತಬೇಕು, ಒಂದು ದಿನದ ಕೂಲಿ ಬಿಡಬೇಕು.

ಹೀಗಾದಾಗ ಮೊದಲ ಅನುಮಾನ ಹೊಸ ಪಾರ್ಟಿನ ಮೇಲೆ, ಎರಡನೆಯದು ರೂಟರಿನ ಮೇಲೆ. ಮೊಬೈಲಿನಲ್ಲಿ ಅದೇ ವೈಫೈ ಓಡುತ್ತಿದ್ದರೆ ರೂಟರೂ ಹೊರಗಿನಿಂದ ಬರುವ ತಂತಿಯೂ ಚೆನ್ನಾಗಿವೆ ಎಂದೇ ಅರ್ಥ. ಹೊಸ ಪಾರ್ಟೂ ಸಾಮಾನ್ಯವಾಗಿ ನಿರ್ದೋಷಿ. ಅದನ್ನು ಕೂಡಿಸುವ ಭರದಲ್ಲಿ ಅಕ್ಕಪಕ್ಕದಲ್ಲಿ ಏನೋ ಅಲುಗಿರುತ್ತದೆ: ಒಂದು ತೆಳು ತಂತಿ, ಒಂದು ತಾರೀಖು, ಒಂದು ಡ್ರೈವರು. ಅದನ್ನು ಹುಡುಕದೆ ಎರಡನೇ ಪಾರ್ಟಿಗೆ ದುಡ್ಡು ಸುರಿದವರ ನೋವು ನಿಜವಾದದ್ದು, ಮತ್ತು ತಪ್ಪಿಸಬಹುದಾದದ್ದು.

ಡೆಸ್ಕ್‌ಟಾಪಿಗೆ ವೈಫೈ ಹುಟ್ಟುಗುಣವಲ್ಲ ಎಂಬುದನ್ನು ಮೊದಲು ನೆನಪಿಡಬೇಕು. ಲ್ಯಾಪ್‌ಟಾಪಿನಲ್ಲಿ ಅದು ಒಳಗೇ ಇರುತ್ತದೆ. ಡೆಸ್ಕ್‌ಟಾಪಿಗೆ ಮೂರು ದಾರಿಯಲ್ಲಿ ಬಂದು ಸೇರುತ್ತದೆ. ಒಂದು, ಯುಎಸ್‌ಬಿ ಕಿಂಡಿಗೆ ಚುಚ್ಚುವ ಡೋಂಗಲ್. ಇನ್ನೊಂದು, ಮದರ್‌ಬೋರ್ಡಿನ ಸ್ಲಾಟಿಗೆ ಕೂಡಿಸುವ ಕಾರ್ಡು; ಅದರ ಬೆನ್ನಿಗೆ ಎರಡು ಆಂಟೆನಾ ಕೊಂಬು. ಮೂರನೆಯದು ಮದರ್‌ಬೋರ್ಡಿನಲ್ಲೇ ಅಡಗಿರುವ ವೈಫೈ. ಮನೆಯ ಯಂತ್ರದಲ್ಲಿ ಇದ್ದದ್ದು ಯಾವುದು ಎಂದು ಕೇಳಿದರೆ ಹೆಚ್ಚಿನ ಮಾಲೀಕರಿಗೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾದ ಪ್ರಮೇಯವೂ ಅಲ್ಲಿಯವರೆಗೆ ಬಂದಿರುವುದಿಲ್ಲ. ಹಳೆಯ ಬೋರ್ಡಿನೊಳಗೇ ವೈಫೈ ಇದ್ದು, ಹೊಸದಾಗಿ ತಂದ ಬೋರ್ಡಿನಲ್ಲಿ ಅದು ಇಲ್ಲದೇ ಇದ್ದರೆ ಎಷ್ಟು ಹುಡುಕಿದರೂ ಸಿಗದು. ಒಂದೇ ಕಂಪನಿಯ ಒಂದೇ ಹೆಸರಿನ ಬೋರ್ಡುಗಳಲ್ಲಿ ವೈಫೈ ಇರುವ ಮಾದರಿ, ಇಲ್ಲದ ಮಾದರಿ ಎಂದು ಎರಡು ಇರುತ್ತವೆ. ಹೆಸರಿನ ಬಾಲದಲ್ಲಿ ವೈಫೈ ಎಂಬ ಪದ ಇದೆಯೋ ಇಲ್ಲವೋ ಅನ್ನುವುದಷ್ಟೇ ವ್ಯತ್ಯಾಸ.

ಬೋರ್ಡು ಬದಲಿಸುವುದಕ್ಕೆ ಈಚೆಗೆ ಇನ್ನೊಂದು ಕಾರಣ ಸೇರಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್‌ನಲ್ಲಾದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರಾದರೂ ಇರಬೇಕು. ಹಾಗಾಗಿ ಚೆನ್ನಾಗಿಯೇ ಓಡುತ್ತಿದ್ದ ಯಂತ್ರದ ಬೋರ್ಡು, ಪ್ರೊಸೆಸರು ಬದಲಿಸಿ, ಹಳೆಯ ವೈಫೈ ಕಾರ್ಡನ್ನು ಉಳಿಸಿಕೊಳ್ಳುವವರಿದ್ದಾರೆ. ಇಲ್ಲಿ ಎಡವುವ ಕಲ್ಲೊಂದಿದೆ. ಬೋರ್ಡಿನ ಎಂ.2 ಸ್ಲಾಟಿಗೆ ಕೂಡುವ ಇಂಟೆಲ್ ವೈಫೈ ಕಾರ್ಡುಗಳಲ್ಲಿ ಎಎಕ್ಸ್200, ಎಎಕ್ಸ್210 ಎಂಬವು ಸ್ವತಂತ್ರ ಕಾರ್ಡುಗಳು. ಎಎಕ್ಸ್201, ಎಎಕ್ಸ್211 ಎಂಬವು ಅರ್ಧ ಕಾರ್ಡುಗಳು ಮಾತ್ರ. ಇವುಗಳಲ್ಲಿ ರೇಡಿಯೋ ಭಾಗ ಕಾರ್ಡಿನ ಮೇಲಿದ್ದರೆ, ಉಳಿದ ಲೆಕ್ಕಾಚಾರದ ಭಾಗ ಇಂಟೆಲ್‌ನ ಹೊಸ ಚಿಪ್‌ಸೆಟ್ ಅಥವಾ ಪ್ರೊಸೆಸರಿನ ಒಳಗಿರುತ್ತದೆ. ಈ ಏರ್ಪಾಡಿನ ಹೆಸರು ಸಿಎನ್‌ವಿಐ. ಎಎಂಡಿ ಬೋರ್ಡಿಗೆ ಎಎಕ್ಸ್201 ಕೂಡಿಸಿದರೆ ಸ್ಲಾಟಿನಲ್ಲಿ ಅದು ಚೆಂದವಾಗಿ ಕೂರುತ್ತದೆ, ಸ್ಕ್ರೂವೂ ಬಿಗಿಯುತ್ತದೆ, ಆದರೆ ಕಂಪ್ಯೂಟರಿನ ಲೆಕ್ಕಕ್ಕೆ ಅಲ್ಲಿ ಏನೂ ಇಲ್ಲ. ಕೊನೆಯ ಒಂದು ಅಂಕಿ, 0 ಇದ್ದದ್ದು 1 ಆದದ್ದು, ಇಷ್ಟೆಲ್ಲ ಮಾಡುತ್ತದೆ. ಕೊಳ್ಳುವಾಗ ಆ ಅಂಕಿಯ ಮೇಲೆ ಬೆರಳಿಟ್ಟು ಓದುವುದು ಬಿಟ್ಟರೆ ಇದಕ್ಕೆ ಬೇರೆ ಮದ್ದಿಲ್ಲ.

ಕಂಪ್ಯೂಟರಿಗೆ ವೈಫೈ ಕಾರ್ಡು ಕಾಣಿಸುತ್ತಿದೆಯೇ, ಇಲ್ಲವೇ? ಇದನ್ನು ತಿಳಿಯಲು ಡಿವೈಸ್ ಮ್ಯಾನೇಜರ್ ಎಂಬ ಪಟ್ಟಿಯನ್ನು ತೆರೆಯಬೇಕು. ನೆಟ್‌ವರ್ಕ್ ಅಡಾಪ್ಟರುಗಳ ಕೆಳಗೆ ವೈಫೈ ಹೆಸರೇ ಇಲ್ಲದೆ, ಬೇರೆಡೆ ಹಳದಿ ತ್ರಿಕೋನ ಹೊತ್ತ ‘ನೆಟ್‌ವರ್ಕ್ ಕಂಟ್ರೋಲರ್’ ಎಂಬ ಅನಾಥ ಸಾಲು ಕಂಡರೆ ಸಮಾಧಾನಪಡಬಹುದು. ಕಾರ್ಡು ಜೀವಂತವಾಗಿದೆ, ಅದರ ಭಾಷೆ ವಿಂಡೋಸಿಗೆ ತಿಳಿಯುತ್ತಿಲ್ಲ, ಅಂದರೆ ಡ್ರೈವರ್ ಇಲ್ಲ. ಆ ಸಾಲೂ ಇಲ್ಲದಿದ್ದರೆ ಹುಡುಕಬೇಕಾದದ್ದು ಡಬ್ಬಿಯ ಒಳಗೆ.

ಡ್ರೈವರಿನ ತಕರಾರು ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದವರಿಗೆ ಹೆಚ್ಚು. ಎಸ್‌ಎಸ್‌ಡಿಗೂ ವೈಫೈಗೂ ಏನೂ ಸಂಬಂಧವಿಲ್ಲ, ಆದರೆ ಹೊಸ ಡಿಸ್ಕಿಗೆ ಹೊಸ ವಿಂಡೋಸ್ ಹಾಕಿದಾಗ ಹಳೆಯ ಡ್ರೈವರುಗಳು ಹಳೆಯ ಡಿಸ್ಕಿನಲ್ಲೇ ಉಳಿದುಬಿಡುತ್ತವೆ. ಈಗ ಸಂದಿಗ್ಧ. ನೆಟ್ ಬರಬೇಕೆಂದರೆ ಡ್ರೈವರ್ ಬೇಕು, ಡ್ರೈವರ್ ಇಳಿಸಿಕೊಳ್ಳಬೇಕೆಂದರೆ ನೆಟ್ ಬೇಕು. ಡೋಂಗಲಿನ ಜೊತೆ ಬಂದಿದ್ದ ಪುಟ್ಟ ಸಿಡಿ ಎಲ್ಲೋ ಕಳೆದಿದೆ, ಇದ್ದರೂ ಈಗಿನ ಡಬ್ಬಿಗಳಲ್ಲಿ ಸಿಡಿ ಡ್ರೈವ್ ಇಲ್ಲ. ವಿಂಡೋಸ್ 11 ಈ ಗಂಟನ್ನು ಇನ್ನಷ್ಟು ಬಿಗಿ ಮಾಡಿದೆ. ಅದರ ಹೋಮ್ ಆವೃತ್ತಿ 2021ರಲ್ಲಿ ಬಂದಾಗಿನಿಂದಲೂ, ಪ್ರೊ ಆವೃತ್ತಿ 2022ರ ಪರಿಷ್ಕರಣೆಯಿಂದಲೂ, ಮೊದಲ ಸಲ ಸಜ್ಜಾಗುವಾಗಲೇ ಇಂಟರ್‌ನೆಟ್ ಕೇಳುತ್ತವೆ. ವೈಫೈ ಡ್ರೈವರಿಲ್ಲದ ಯಂತ್ರ ಆ ಪುಟದಲ್ಲೇ ನಿಂತುಬಿಡುತ್ತದೆ.

ಬಿಡಿಸುವ ಉಪಾಯ ಎಲ್ಲರ ಜೇಬಿನಲ್ಲೇ ಇದೆ. ಆಂಡ್ರಾಯ್ಡ್ ಮೊಬೈಲನ್ನು ಚಾರ್ಜಿಂಗ್ ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ‘ಯುಎಸ್‌ಬಿ ಟೆಥರಿಂಗ್’ ಒತ್ತಿದರೆ ಸಾಕು, ಮೊಬೈಲಿನ ನೆಟ್ ತಂತಿಯ ಮೂಲಕ ಕಂಪ್ಯೂಟರಿಗೆ ಹರಿಯುತ್ತದೆ. ಇದಕ್ಕೆ ಬೇಕಾದ ಡ್ರೈವರ್ ವಿಂಡೋಸಿನೊಳಗೇ ಇದೆ. ಕೇಬಲ್ ಮಾತ್ರ ಡೇಟಾ ಸಾಗಿಸುವಂಥದ್ದಾಗಿರಬೇಕು. ಬರೀ ಚಾರ್ಜಿಗೆಂದು ಮಾಡಿದ ಅಗ್ಗದ ಕೇಬಲ್ ನಡೆಯದು. ಹೀಗೆ ಹತ್ತು ನಿಮಿಷ ನೆಟ್ ಕೊಟ್ಟರೆ ವಿಂಡೋಸ್ ಅಪ್‌ಡೇಟ್ ತಾನೇ ವೈಫೈ ಡ್ರೈವರನ್ನು ಹುಡುಕಿ ತರುವುದುಂಟು. ತರದಿದ್ದರೆ ಆ ಅನಾಥ ಸಾಲಿನ ಮೇಲೆ ಮೌಸಿನ ಬಲ ಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಬೇಕು. ಅಲ್ಲಿ ತಯಾರಕರ ಗುರುತಿನ ನಾಲ್ಕು ಅಕ್ಷರಾಂಕಿಗಳಿರುತ್ತವೆ. 8086 ಎಂದಿದ್ದರೆ ಅದು ಇಂಟೆಲ್. 1978ರಲ್ಲಿ ಬಂದು ಹೆಸರು ಮಾಡಿಕೊಟ್ಟ ತನ್ನ 8086 ಚಿಪ್ಪಿನ ಅಂಕಿಯನ್ನೇ ಆ ಕಂಪನಿ ಗುರುತಾಗಿ ಇಟ್ಟುಕೊಂಡಿದೆ. 10ಇಸಿ ರಿಯಲ್‌ಟೆಕ್, 14ಸಿ3 ಮೀಡಿಯಾಟೆಕ್, 14ಇ4 ಬ್ರಾಡ್‌ಕಾಮ್. ಯಾವ ಕಂಪನಿಯ ಚಿಪ್ಪು ಎಂಬುದು ತಿಳಿದ ಮೇಲೆ ಸಿಕ್ಕಸಿಕ್ಕ ಜಾಲತಾಣದ ‘ಎಲ್ಲ ಡ್ರೈವರ್ ಒಂದೇ ಕಡೆ’ ಪೊಟ್ಟಣಗಳ ಕಡೆಗೆ ಕೈ ಹಾಕಬೇಕಾಗಿಲ್ಲ. ಅವುಗಳ ಜೊತೆ ಬೇಡದ್ದೆಲ್ಲ ಯಂತ್ರದೊಳಕ್ಕೆ ಬರುತ್ತದೆ, ಅದೂ ಜನರ ಆಧಾರ್ ಕಾಗದ ಸ್ಕ್ಯಾನ್ ಮಾಡುವ ಯಂತ್ರಕ್ಕೆ.

ಕೆಲವು ಡೋಂಗಲುಗಳು ಇನ್ನೊಂದು ವೇಷ ಹಾಕುತ್ತವೆ. ಚುಚ್ಚಿದ ಕೂಡಲೇ ಕಂಪ್ಯೂಟರಿನಲ್ಲಿ ಸಿಡಿ ಡ್ರೈವೊಂದು ಕಾಣಿಸುತ್ತದೆ, ವೈಫೈ ಮಾತ್ರ ಇಲ್ಲ. ಡೋಂಗಲ್ ಕೆಟ್ಟಿದೆ ಎಂದು ಎಸೆಯಬಾರದು. ಅದು ತನ್ನ ಡ್ರೈವರನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಆ ಸಿಡಿಯನ್ನು ತೆರೆದು ಒಳಗಿರುವುದನ್ನು ಹಾಕಿಕೊಂಡರೆ ವೇಷ ಕಳಚಿ ವೈಫೈ ಆಗುತ್ತದೆ.

ಇನ್ನು ಡಬ್ಬಿಯ ಒಳಗೆ ಹೋಗೋಣ. ಎಸ್‌ಎಂಪಿಎಸ್ ಬದಲಿಸುವಾಗ ಹತ್ತು ಹದಿನೈದು ತಂತಿಗಳನ್ನು ಅತ್ತಿತ್ತ ಸರಿಸಬೇಕಾಗುತ್ತದೆ. ಡಬ್ಬಿಯ ಮುಂಭಾಗದ ಯುಎಸ್‌ಬಿ ಕಿಂಡಿಗಳಿಗೆ ಮದರ್‌ಬೋರ್ಡಿನಿಂದ ಒಂದು ತಂತಿ ಹೋಗಿರುತ್ತದೆ. ಅದನ್ನು ತಿರುಗಿ ಚುಚ್ಚಲು ಮರೆತರೆ ಮುಂದಿನ ಕಿಂಡಿಗಳೆಲ್ಲ ಸತ್ತಂತೆ. ಮನೆಯವರು ಡೋಂಗಲನ್ನು ಯಾವಾಗಲೂ ಚುಚ್ಚುತ್ತಿದ್ದುದು ಅಲ್ಲಿಯೇ. ಡೋಂಗಲನ್ನು ತೆಗೆದು ಹಿಂಬದಿಯ ಕಿಂಡಿಗೆ ಹಾಕಿ ನೋಡುವುದು ಅರ್ಧ ನಿಮಿಷದ ಕೆಲಸ, ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ.

ಬೆನ್ನಿಗೆ ಕೊಂಬು ಹೊತ್ತ ಕಾರ್ಡು ಇರುವ ಯಂತ್ರಗಳಲ್ಲಿ ಒಂದು ಚೆಂದದ ಸುಳಿವು ಸಿಗುತ್ತದೆ. ವೈಫೈ ಮತ್ತು ಬ್ಲೂಟೂತ್ ಎರಡೂ ಇರುವ ಕಾರ್ಡಿನಲ್ಲಿ ವೈಫೈ ಭಾಗ ಸ್ಲಾಟಿನ ಮೂಲಕ ಮಾತಾಡಿದರೆ, ಬ್ಲೂಟೂತ್ ಭಾಗಕ್ಕೆ ಬೋರ್ಡಿನ ಯುಎಸ್‌ಬಿ ಪಿನ್ನುಗಳಿಂದ ಬೇರೆಯೇ ತಂತಿ ಇರುತ್ತದೆ. ರಿಪೇರಿಯ ನಂತರ ವೈಫೈ ಸರಿಯಿದ್ದು ಬ್ಲೂಟೂತ್ ಹೋಗಿದ್ದರೆ ಆ ತಂತಿ ಬಿಚ್ಚಿದೆ. ಬ್ಲೂಟೂತ್ ಸರಿಯಿದ್ದು ವೈಫೈ ಹೋಗಿದ್ದರೆ ಕಾರ್ಡಿಗೆ ಜೀವ ಇದೆ, ಸ್ಲಾಟಿನಲ್ಲಿ ಸರಿಯಾಗಿ ಕೂತಿಲ್ಲ. ತೆಗೆದು, ಒರೆಸಿ, ಮತ್ತೆ ಕೂಡಿಸಬೇಕು. ಹೊಸ ಗ್ರಾಫಿಕ್ಸ್ ಕಾರ್ಡು ಅಥವಾ ಹೊಸ ಎಂ.2 ಎಸ್‌ಎಸ್‌ಡಿ ಸೇರಿಸಿದ ಮೇಲೆ ಕಾರ್ಡು ಕಾಣೆಯಾಗಿದ್ದರೆ ಬೋರ್ಡಿನ ಕೈಪಿಡಿ ನೋಡಬೇಕಾಗುತ್ತದೆ. ಕೆಲವು ಬೋರ್ಡುಗಳಲ್ಲಿ ಎರಡು ಜಾಗಗಳು ಒಂದೇ ದಾರಿಯನ್ನು ಹಂಚಿಕೊಂಡಿರುತ್ತವೆ, ಒಂದು ತುಂಬಿದರೆ ಇನ್ನೊಂದು ಮುಚ್ಚಿಕೊಳ್ಳುತ್ತದೆ. ಕಾರ್ಡನ್ನು ಪಕ್ಕದ ಸ್ಲಾಟಿಗೆ ಬದಲಿಸಿದರೆ ಮುಗಿಯಿತು.

ವಿಂಡೋಸ್‌ನ ‘ಶಟ್‌ಡೌನ್’ ಪೂರ್ತಿ ಶಟ್‌ಡೌನ್ ಅಲ್ಲ ಎಂಬುದು ಹಲವರಿಗೆ ತಿಳಿಯದ ಸಂಗತಿ. ಬೇಗ ಏಳಲೆಂದು ಅದು ತನ್ನ ತಿರುಳಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಎದ್ದಾಗ ಪಾರ್ಟು ಬದಲಾಗುವುದಕ್ಕೆ ಮುಂಚಿನ ನೆನಪಿನೊಂದಿಗೇ ಏಳುತ್ತದೆ. ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಒತ್ತಿದರೆ ಪೂರ್ತಿ ಆರುತ್ತದೆ. ಆಮೇಲೆ ಪ್ಲಗ್ಗು ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಬೋರ್ಡಿನಲ್ಲಿ ಉಳಿದಿದ್ದ ವಿದ್ಯುತ್ತೂ ಇಳಿಯುತ್ತದೆ. ಎಲ್ಲೋ ಸಿಕ್ಕಿಹಾಕಿಕೊಂಡಿದ್ದ ವೈಫೈ ಚಿಪ್ಪು ಇಷ್ಟರಿಂದಲೇ ಮರಳಿ ಬರುವುದುಂಟು.

ಇಷ್ಟೂ ಆಗಿ, ವೈಫೈ ಗುಂಡಿ ಕಾಣಿಸಿಕೊಂಡಿತು, ಆದರೆ ಪಟ್ಟಿಯಲ್ಲಿ ನಮ್ಮ ಮನೆಯ ರೂಟರಿನ ಹೆಸರೇ ಇಲ್ಲ, ಅಥವಾ ಒಂದು ಕಡ್ಡಿಯಷ್ಟು ಮಾತ್ರ ಬಲವಿದೆ ಅನ್ನೋಣ. ಹಾಗಿದ್ದರೆ ಆಂಟೆನಾ ಎಲ್ಲಿ ಎಂದು ಕೇಳಬೇಕು. ಡಬ್ಬಿಯನ್ನು ಅಂಗಡಿಗೆ ಒಯ್ಯುವಾಗ ಹಿಂದಿನ ಕೊಂಬುಗಳು ಮುರಿಯದಿರಲೆಂದು ಬಿಚ್ಚಿ ಎಲ್ಲೋ ಇಡುತ್ತಾರೆ. ಅಂಗಡಿಯಲ್ಲಿ ರೂಟರು ಮೂರು ಮಾರು ದೂರದಲ್ಲೇ ಇರುವುದರಿಂದ ಆಂಟೆನಾ ಇಲ್ಲದ ಕಾರ್ಡೂ ಅಲ್ಲಿ ಸಿಗ್ನಲ್ ಹಿಡಿಯುತ್ತದೆ. “ಎಲ್ಲಾ ಓಕೆ ಐತ್ರಿ” ಎಂದು ಕೊಟ್ಟದ್ದು ಸುಳ್ಳಲ್ಲ. ಮನೆಯಲ್ಲಿ ರೂಟರು ಪಡಸಾಲೆಯಲ್ಲಿ, ಕಂಪ್ಯೂಟರು ಒಳಗಿನ ಕೋಣೆಯಲ್ಲಿ, ನಡುವೆ ಮೊಳಕ್ಕೂ ಮಿಕ್ಕಿ ದಪ್ಪನೆಯ ಕಲ್ಲು–ಮಣ್ಣಿನ ಗೋಡೆ. ಅಲ್ಲಿ ಕೊಂಬಿಲ್ಲದ ಕಾರ್ಡಿಗೆ ಏನೂ ಕೇಳಿಸದು.

ಒಳಗಿನ ಆಂಟೆನಾ ತಂತಿಯದು ಇನ್ನೂ ಸೂಕ್ಷ್ಮ. ಕಾರ್ಡಿನ ಮೇಲೆ ಸಾಸಿವೆಕಾಳಿನಷ್ಟು ಬಂಗಾರಬಣ್ಣದ ಎರಡು ಗುಬಟುಗಳಿರುತ್ತವೆ. ಅವುಗಳ ಮೇಲೆ ತಂತಿಯ ಪುಟ್ಟ ಟೊಪ್ಪಿಗೆಯನ್ನು ನೇರವಾಗಿ ಇಟ್ಟು, ಬೆರಳಿನಿಂದ ಮೆಲ್ಲಗೆ ಒತ್ತಿದರೆ ಟಕ್ಕೆಂದು ಕೂರುತ್ತದೆ. ರ‍್ಯಾಮ್ ಬದಲಿಸುವವರ ಮುಂಗೈ ತಗುಲಿದರೂ ಸಾಕು, ಕಳಚಿಬಿಡುತ್ತದೆ. ಪದೇ ಪದೇ ಹಾಕಿ ತೆಗೆಯಲು ಅದನ್ನು ಮಾಡಿಲ್ಲ. ಇಕ್ಕಳದಿಂದ ಅದುಮಿದರೆ ಕಾರ್ಡೇ ಹಾಳು.

ಹೆಸರೇ ಕಾಣದಿರುವುದಕ್ಕೆ ಇನ್ನೊಂದು ಕಾರಣ, ಕಂಪನಾಂಕ. ಭಾರತದಲ್ಲಿ ಯಾರು ಬೇಕಾದರೂ ಲೈಸೆನ್ಸ್ ಇಲ್ಲದೆ ವೈಫೈ ಬಳಸಬಹುದಾದದ್ದು ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರ ಜನವರಿಯಲ್ಲಿ ಮುಕ್ತಗೊಳಿಸಿದ್ದರಿಂದ. 5 ಗಿಗಾಹರ್ಟ್ಸ್‌ನ ವಿಶಾಲ ಪಟ್ಟಿ 2018ರ ಅಕ್ಟೋಬರಿನಲ್ಲಿ ಸೇರಿತು. ಈಗಿನ ರೂಟರುಗಳು ಎರಡರಲ್ಲೂ ಮಾತಾಡುತ್ತವೆ, ಎರಡನೆಯದರ ಹೆಸರಿನ ಕೊನೆಗೆ ‘5ಜಿ’ ಎಂದು ಬರೆದುಕೊಳ್ಳುತ್ತವೆ. ಮೊಬೈಲ್ ಟವರಿನ 5ಜಿಗೂ ಇದಕ್ಕೂ ಸಂಬಂಧವಿಲ್ಲ. ಹಳೆಯ ಕಾರ್ಡಿನ ಜಾಗಕ್ಕೆ ತಂದ ಅಗ್ಗದ ಡೋಂಗಲ್ 2.4ರದ್ದು ಮಾತ್ರವಾಗಿದ್ದರೆ, ನಿನ್ನೆಯವರೆಗೆ ಬಳಸುತ್ತಿದ್ದ ‘5ಜಿ’ ಹೆಸರು ಅದಕ್ಕೆ ಕಾಣುವುದೇ ಇಲ್ಲ. ರೂಟರಿನ ಇನ್ನೊಂದು ಹೆಸರಿಗೆ ಸೇರಿಕೊಂಡರೆ ಕೆಲಸ ನಡೆಯುತ್ತದೆ. ದಪ್ಪ ಗೋಡೆಯ ಮನೆಗಳಲ್ಲಿ 2.4 ಗಿಗಾಹರ್ಟ್ಸೇ ಒಳಗಿನ ಕೋಣೆಯವರೆಗೆ ಚೆನ್ನಾಗಿ ಮುಟ್ಟುತ್ತದೆ ಎಂಬುದೂ ನಿಜ.

ಇನ್ನೊಂದು ಪ್ರಸಂಗ ಪತ್ತೇದಾರಿ ಕಥೆಯಂತಿದೆ. ಹೊಸ ಎಸ್‌ಎಸ್‌ಡಿ ಹಾಕಿದ ಮೇಲೆ ಹಳೆಯ ಡಿಸ್ಕನ್ನು ಹೊರಪೆಟ್ಟಿಗೆಯಲ್ಲಿಟ್ಟು, ಯುಎಸ್‌ಬಿ 3.0 ಕಿಂಡಿಗೆ ಜೋಡಿಸಿ, ಫೋಟೋ, ಕಾಗದಪತ್ರಗಳನ್ನೆಲ್ಲ ನಕಲು ಮಾಡಲು ಹಚ್ಚುತ್ತಾರೆ. ನಕಲು ಶುರುವಾದೊಡನೆ ವೈಫೈ ತಡವರಿಸುತ್ತದೆ, ನಿಸ್ತಂತು ಮೌಸಿನ ಬಾಣವೂ ಕುಂಟುತ್ತದೆ. ನಕಲು ಮುಗಿದ ಮೇಲೆ ಎಲ್ಲ ಸರಿ. ಎಸ್‌ಎಸ್‌ಡಿಯೇ ದೋಷದ್ದು ಎಂದು ವಾಪಸು ಒಯ್ದವರೂ ಇರಬಹುದು. ಕಾರಣವನ್ನು ಇಂಟೆಲ್ ಕಂಪನಿಯೇ 2012ರಲ್ಲಿ ಅಳೆದು ಪ್ರಕಟಿಸಿತು. ಯುಎಸ್‌ಬಿ 3.0 ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಮಾಹಿತಿ ಸಾಗಿಸುವಾಗ ಕಿಂಡಿ, ಕೇಬಲ್, ಡಿಸ್ಕುಗಳಿಂದ ಸೋರುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಲೂ ಹರಡುತ್ತದೆ. ಆ ಅಳತೆಯಲ್ಲಿ ಗದ್ದಲದ ಮಟ್ಟ ಸುಮಾರು 20 ಡೆಸಿಬೆಲ್ ಏರಿತ್ತು, ಅಂದರೆ ನೂರು ಪಟ್ಟು. ಪಕ್ಕದ ಕಿಂಡಿಯಲ್ಲೇ ಕೂತ ಡೋಂಗಲಿಗೆ ಜಾತ್ರೆಯ ಧ್ವನಿವರ್ಧಕದ ಬುಡದಲ್ಲಿ ನಿಂತು ಗೆಳೆಯನ ಮಾತು ಕೇಳಿಸಿಕೊಳ್ಳುವ ಪಾಡು. ಒಂದು ಮೊಳದ ಯುಎಸ್‌ಬಿ ವಿಸ್ತರಣಾ ಕೇಬಲ್ ಹಾಕಿ ಡೋಂಗಲನ್ನು ದೂರ ಸರಿಸಿದರೆ ಮಾತು ಮತ್ತೆ ಕೇಳಿಸುತ್ತದೆ. ಡಬ್ಬಿಯ ತಗಡಿನ ಮರೆಯಿಂದಲೂ ಡೋಂಗಲ್ ಹೊರಬಂದಂತಾಗುತ್ತದೆ.

ಸಂಬಂಧವೇ ಇಲ್ಲದಂತೆ ಕಾಣುವ ವಸ್ತು ಹೀಗೆ ನೆಟ್ ಕೆಡಿಸುವುದು ಅಪರೂಪವಲ್ಲ. ವೇಲ್ಸ್ ದೇಶದ ಅಬರ್‌ಹೊಸನ್ ಎಂಬ ಹಳ್ಳಿಯಲ್ಲಿ 18 ತಿಂಗಳು ಪ್ರತಿದಿನ ಬೆಳಿಗ್ಗೆ 7 ಗಂಟೆಗೆ ಬ್ರಾಡ್‌ಬ್ಯಾಂಡ್ ಕೆಡುತ್ತಿತ್ತು. ಕೇಬಲ್ ಬದಲಿಸಿದರೂ ಗುಣವಾಗಲಿಲ್ಲ. ಕೊನೆಗೆ ಎಂಜಿನಿಯರುಗಳು ಬೆಳಗಿನ ಜಾವವೇ ಬಂದು, ರೇಡಿಯೋ ಗದ್ದಲ ಅಳೆಯುವ ಯಂತ್ರ ಹಿಡಿದು ಮಳೆಯಲ್ಲಿ ಊರು ಸುತ್ತಿದರು. ಸರಿಯಾಗಿ 7ಕ್ಕೆ ಯಂತ್ರ ಕೂಗಿತು. ಒಂದು ಮನೆಯ ಹಳೆಯ ಟಿ.ವಿ.ಯನ್ನು ಆ ಹೊತ್ತಿಗೆ ಹಚ್ಚುತ್ತಿದ್ದರು, ಅದು ಉಗುಳುವ ಗದ್ದಲ ಇಡೀ ಊರಿನ ತಂತಿಗೆ ಬಡಿಯುತ್ತಿತ್ತು. 2020ರ ಸೆಪ್ಟೆಂಬರಿನಲ್ಲಿ ಸುದ್ದಿಯಾದ ಈ ಘಟನೆಯಲ್ಲಿ ಅವರಿಗೆ ದಾರಿ ತೋರಿದ್ದು ಒಂದೇ ಪ್ರಶ್ನೆ: ಯಾವಾಗ ಕೆಡುತ್ತದೆ? ನೇಸರಗಿಯ ಅಂಗಡಿಯಲ್ಲೂ ಗಿರಾಕಿಗೆ ಮೊದಲು ಕೇಳಬೇಕಾದದ್ದು ಅದೇ. ಯಾವಾಗಲೂ ಇಲ್ಲವೋ, ಏನನ್ನಾದರೂ ಹಚ್ಚಿದಾಗ ಮಾತ್ರ ಇಲ್ಲವೋ?

ಎಲ್ಲಕ್ಕಿಂತ ಹೆಚ್ಚು ಜನರನ್ನು ದಾರಿ ತಪ್ಪಿಸುವ ದೋಷ ಮಾತ್ರ ಬೇರೆ. ವೈಫೈ ಪೂರ್ತಿ ಕಡ್ಡಿ ತೋರಿಸುತ್ತದೆ, ‘ಕನೆಕ್ಟೆಡ್’ ಎಂದೂ ಹೇಳುತ್ತದೆ, ಆದರೆ ಯಾವ ತಾಣವೂ ತೆರೆಯುವುದಿಲ್ಲ. ಪ್ರತಿಯೊಂದು ಪುಟದ ಬದಲು ನಿಮ್ಮ ಸಂಪರ್ಕ ಸುರಕ್ಷಿತವಲ್ಲ ಎಂಬ ಇಂಗ್ಲಿಷ್ ಎಚ್ಚರಿಕೆ. ವೈರಸ್ ಬಂದಿದೆ ಎಂದು ಗಾಬರಿಗೊಂಡು ಫಾರ್ಮ್ಯಾಟ್ ಹೊಡೆಸಿದವರಿಗೆ ಫಾರ್ಮ್ಯಾಟಿನ ನಂತರವೂ ಅದೇ ಎಚ್ಚರಿಕೆ ಕಾದಿರುತ್ತದೆ. ಪರದೆಯ ಬಲ ಮೂಲೆಯ ತಾರೀಖು ನೋಡಿದ್ದರೆ ಸಾಕಿತ್ತು. ಅಲ್ಲಿ 2015 ಎಂದೋ 2018 ಎಂದೋ ಇರುತ್ತದೆ.

ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದಂಥ ಸೆಲ್ ಒಂದಿದೆ, ಸಿಆರ್2032, 3 ವೋಲ್ಟಿನದು. ಕರೆಂಟು ಇಲ್ಲದಾಗ ಗಡಿಯಾರ ನಡೆಸುವುದು ಅದರ ಕೆಲಸ. ಪಾರ್ಟು ಬದಲಿಸುವಾಗ ಅದನ್ನು ತೆಗೆದರೆ, ಅಥವಾ ಅದು ಖಾಲಿಯಾಗಿದ್ದು ಯಂತ್ರ ಒಂದೆರಡು ದಿನ ಪ್ಲಗ್ಗಿಲ್ಲದೆ ಅಂಗಡಿಯಲ್ಲಿ ಬಿದ್ದಿದ್ದರೆ, ಬೋರ್ಡು ತಾನು ತಯಾರಾದ ಕಾಲದ ತಾರೀಖಿಗೆ ಮರಳುತ್ತದೆ. ಬೋರ್ಡಿನೊಳಗಿನ ವೈಫೈಯನ್ನು ಬಯೋಸ್‌ನಲ್ಲಿ ಕೈಯಾರೆ ಚಾಲೂ ಮಾಡಿದ್ದರೆ ಆ ಸೆಟ್ಟಿಂಗೂ ಅದರ ಜೊತೆ ಅಳಿಸಿಹೋಗಬಹುದು. ಪ್ಲಗ್ಗು ಹಾಕಿ ಸ್ವಿಚ್ ಹಚ್ಚಿಟ್ಟಿರುವಾಗ ಗಡಿಯಾರಕ್ಕೆ ಎಸ್‌ಎಂಪಿಎಸ್‌ನಿಂದಲೇ ವಿದ್ಯುತ್ ಸಿಗುತ್ತದೆ, ಸೆಲ್ಲು ಉಳಿಯುತ್ತದೆ. ಸಿಡಿಲಿನ ಹೆದರಿಕೆಯಿಂದ ಪ್ರತಿರಾತ್ರಿ ಮೇನ್ ಸ್ವಿಚ್ ಆರಿಸುವ ಅಂಗಡಿಗಳಲ್ಲಿ, ಆರಿಸುವುದು ಸರಿಯೇ ಆದರೂ, ಸೆಲ್ಲು ಬೇಗ ಸವೆಯುತ್ತದೆ.

ತಾರೀಖು ತಪ್ಪಿದರೆ ತಾಣ ಏಕೆ ತೆರೆಯುವುದಿಲ್ಲ? ಪ್ರತಿ ಸುರಕ್ಷಿತ ತಾಣವೂ ಭೇಟಿಯ ಮೊದಲ ಕ್ಷಣದಲ್ಲಿ ಒಂದು ಪ್ರಮಾಣಪತ್ರ ತೋರಿಸುತ್ತದೆ. ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಬರೆದಿರುತ್ತದೆ. 2015ರಲ್ಲಿ ಕೂತ ಕಂಪ್ಯೂಟರಿಗೆ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ, ಹಾಗಾಗಿ ಅದು ಬಾಗಿಲು ಹಾಕಿಕೊಳ್ಳುತ್ತದೆ. ಈ ಪತ್ರಗಳ ಆಯುಷ್ಯವೂ ಇಳಿಯುತ್ತ ಬಂದಿದೆ. 2020ರ ಸೆಪ್ಟೆಂಬರ್ 1ರಿಂದ ಹೊಸ ಪತ್ರಗಳಿಗೆ ಗರಿಷ್ಠ 398 ದಿನ ಎಂದಾಯಿತು. 2029ರ ಹೊತ್ತಿಗೆ ಅದನ್ನು 47 ದಿನಕ್ಕೆ ಇಳಿಸಲು ಪತ್ರ ಕೊಡುವ ಸಂಸ್ಥೆಗಳ ಹಾಗೂ ಬ್ರೌಸರ್ ತಯಾರಕರ ಜಾಗತಿಕ ಒಕ್ಕೂಟ 2025ರಲ್ಲಿ ತೀರ್ಮಾನಿಸಿದೆ. ಹಾಗಾದಾಗ ಒಂದೆರಡು ತಿಂಗಳು ತಪ್ಪಿದ ಗಡಿಯಾರವೂ ನೆಟ್ ನಿಲ್ಲಿಸಬಲ್ಲದು. ವಿಂಡೋಸ್ ತಾನೇ ವೇಳೆ ಸರಿಪಡಿಸಿಕೊಳ್ಳುತ್ತದಲ್ಲ ಎಂದು ಕೇಳಬಹುದು. ಮನೆ, ಅಂಗಡಿಗಳ ಸಾಮಾನ್ಯ ಯಂತ್ರದಲ್ಲಿ ವ್ಯತ್ಯಾಸ 15 ಗಂಟೆಗಿಂತ ಹೆಚ್ಚಿದ್ದರೆ ಅದು ನಂಬದೆ ಹಿಂದೆ ಸರಿಯುತ್ತದೆ. ಕೈಯಿಂದಲೇ ತಾರೀಖು ತಿದ್ದಬೇಕು. ಆಮೇಲೆ ಸಣ್ಣ ದುಡ್ಡಿನ ಆ ಸೆಲ್ಲು ಬದಲಿಸಬೇಕು, ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಮತ್ತೆ 2015.

ತಾರೀಖೂ ಸರಿಯಿದ್ದು ನೆಟ್ ಬಾರದಿದ್ದರೆ ಕಂಪ್ಯೂಟರಿಗೆ ಸಿಕ್ಕ ಐಪಿ ವಿಳಾಸ ನೋಡಬೇಕು. ಮನೆಯ ರೂಟರು ಕೊಡುವ ವಿಳಾಸ ಸಾಮಾನ್ಯವಾಗಿ 192.168ರಿಂದ ಶುರುವಾಗುತ್ತದೆ. 169.254ರಿಂದ ಶುರುವಾಗಿದ್ದರೆ ಅದು ರೂಟರು ಕೊಟ್ಟದ್ದಲ್ಲ, ಉತ್ತರ ಸಿಗದೆ ಕಂಪ್ಯೂಟರ್ ತಾನೇ ಇಟ್ಟುಕೊಂಡ ವಿಳಾಸ. ಪ್ರಿಂಟರ್ ಹಂಚಿಕೆಗೆಂದು ಹಿಂದೆ ಕೈಯಾರೆ ಬರೆದಿದ್ದ ವಿಳಾಸ ಹಳೆಯ ಕಾರ್ಡಿನ ಹೆಸರಿನಲ್ಲೇ ಉಳಿದುಹೋಗಿರುತ್ತದೆ, ಹೊಸ ಕಾರ್ಡಿಗೆ ಅದನ್ನು ಮತ್ತೆ ಬರೆಯಬೇಕು. ರೂಟರಿನಲ್ಲಿ ಗುರುತಿದ್ದವರಿಗೆ ಮಾತ್ರ ಪ್ರವೇಶ ಎಂಬ ಮ್ಯಾಕ್ ವಿಳಾಸದ ಕಾವಲು ಹಾಕಿಸಿದ್ದರೆ ಹೊಸ ಕಾರ್ಡು ಅಪರಿಚಿತ. ಅದರ 12 ಅಕ್ಷರಾಂಕಿಗಳ ಗುರುತನ್ನು ಸೇರಿಸಬೇಕು. ವಿಂಡೋಸ್ ಬದಲು ಉಬುಂಟು ಬಳಸುವವರಿಗೂ ಇಂಥದೇ ಒಂದು ಪೇಚು ಇದೆ. ಅಲ್ಲಿ ಕಾರ್ಡಿನ ಹೆಸರು ಅದು ಕೂತ ಜಾಗದ ಮೇಲೆ ನಿಂತಿದೆ, ಹೊಸ ಗ್ರಾಫಿಕ್ಸ್ ಕಾರ್ಡು ಸೇರಿದರೆ ಡಬ್ಲ್ಯುಎಲ್‌ಪಿ3ಎಸ್0 ಇದ್ದದ್ದು ಡಬ್ಲ್ಯುಎಲ್‌ಪಿ4ಎಸ್0 ಆಗಿ, ಹಳೆಯ ಹೆಸರಿಗೆ ಬರೆದ ಸೆಟ್ಟಿಂಗು ವ್ಯರ್ಥವಾಗಬಹುದು.

ಈ ಯಾವುದಕ್ಕೂ ದೊಡ್ಡ ವಿದ್ಯೆ ಬೇಡ. ಕೈಗೆಟಕುವ ಭಾಷೆಯಲ್ಲಿ ಹೇಳುವವರು ಬೇಕು. ಕಂಪ್ಯೂಟರ್ ಎಚ್ಚರಿಕೆಗಳು ಇಂಗ್ಲಿಷಿನಲ್ಲಿ ಬರುತ್ತವೆ, ಪರಿಹಾರದ ವಿಡಿಯೋಗಳು ಹೆಚ್ಚಾಗಿ ಹಿಂದಿಯಲ್ಲಿರುತ್ತವೆ. ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಇದೇ ಜಿಲ್ಲೆಯ ಬೆಳಗಾವಿಯಲ್ಲಿದೆ, 1998ರಿಂದ. ಹಳ್ಳಿಯ ಸೇವಾಕೇಂದ್ರಗಳ ಗೋಡೆಗೆ ಅಂಟಿಸಬಹುದಾದ ಒಂದು ಹಾಳೆಯ ಕನ್ನಡ ಮಾರ್ಗದರ್ಶಿಯನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಒಂದು ತಂಡ ಒಂದು ವಾರದಲ್ಲಿ ಮಾಡಿಕೊಡಬಲ್ಲದು. ಅದರಿಂದ ಉಳಿಯುವ ಬಸ್ಸಿನ ದುಡ್ಡು, ಕೂಲಿಯ ದಿನಗಳು ಈ ಭಾಗದ ಜನರದ್ದೇ.

ಅಲ್ಲಿಯವರೆಗೆ ರಿಪೇರಿ ಅಂಗಡಿಯವರೇ ಮಾಡಬಹುದಾದ ಒಂದು ಕೆಲಸವಿದೆ. ಡಬ್ಬಿಯ ಪಕ್ಕದ ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿ, ಮಾಸದ ಶಾಯಿಯಲ್ಲಿ ಬರೆಯುವುದು: ವೈಫೈ ಡೋಂಗಲಿನದೋ ಕಾರ್ಡಿನದೋ ಬೋರ್ಡಿನದೋ, ಚಿಪ್ಪಿನ ನಂಬರು ಏನು, ಸೆಲ್ ಬದಲಿಸಿದ ತಾರೀಖು ಯಾವುದು. ಡ್ರೈವರಿನ ಒಂದು ಪ್ರತಿಯನ್ನು ಸಿ ಡ್ರೈವಿನಲ್ಲಲ್ಲದೆ ಒಂದು ಪೆನ್‌ಡ್ರೈವಿನಲ್ಲಿ ಹಾಕಿ, ಅದನ್ನು ಗಿರಾಕಿಯ ಕೈಗೆ ಕೊಟ್ಟು ಕಳಿಸುವುದು. ಆಂಟೆನಾ ಕೊಂಬುಗಳಿದ್ದರೆ ಅವನ್ನು ಮೇಜಿನ ಡ್ರಾದಲ್ಲಿ ಬಿಡದೆ, ಡಬ್ಬಿಯ ಬೆನ್ನಿಗೆ ತಿರುಗಿಸಿ ಬಿಗಿದು, ಆಮೇಲೆ ಬೈಕಿಗೆ ಕಟ್ಟುವುದು.